ಬಿಲ್ಲೆಯ ಬೆಲೆ

ಬ್ಯೂಟ್ ಊರಿನ ಗುಡ್ಡದ ಮೇಲೆ, ಸತ್ತ ಗಣಿಗಳ ಗೋಪುರಕ್ಕೆ
ಕೆಂಪು ದೀಪ ಹತ್ತಿದಾಗ ನನ್ನ ಪಾಳಿ ಶುರು.
ಇಪ್ಪತ್ತೆರಡು ವರ್ಷದಿಂದ ಎಲೆ ಹಂಚುತ್ತಿದ್ದೇನೆ.
ಬೆರಳ ತುದಿಯ ಗೆರೆ ಸವೆದು
ಬೆರಳಚ್ಚು ಕೇಳುವ ಯಂತ್ರಗಳಿಗೆ ನಾನು ಯಾರೋ.

ಕಿಟಕಿ ಪಕ್ಕದ ಮೇಜು ನಗದಿನದು.
ಅಲ್ಲಿ ಐದು ಡಾಲರಿನ ಬಿಲ್ಲೆಗೆ ಐದೇ ಡಾಲರು ಬೆಲೆ.
ಎದುರಂಗಡಿಯಲ್ಲಿ ಅದಕ್ಕೊಂದು ಮಾಂಸದ ಪೇಸ್ಟಿ ಬರುತ್ತದೆ,
ಮೇಲೆ ಗ್ರೇವಿ ಸುರಿಸಿದರೆ ಇನ್ನೊಂದು ಡಾಲರು.
ಸೋತವನು ಮತ್ತೆ ಜೇಬಿಗೆ ಕೈ ಹಾಕುತ್ತಾನೆ.
ಗೆದ್ದವನು ಹೆಂಡತಿಗೆ ಹುಷಾರಿಲ್ಲ ಎಂದು ಎದ್ದು ಹೋಗುತ್ತಾನೆ,
ಹೆಂಡತಿ ಸತ್ತು ಏಳು ವರ್ಷವಾದವನೂ.

ಆರ್ವೊ ಅಲ್ಲಿ ಒಂಬತ್ತನೇ ಕುರ್ಚಿ.
ತಾಮ್ರದ ಗುಂಡಿಯಲ್ಲಿ ಲಾರಿ ಓಡಿಸಿದವನು,
ಈಗ ಆ ಗುಂಡಿ ತುಂಬ ಹುಳಿನೀರು.
ಕಾಯುವುದನ್ನು ಅಲ್ಲೇ ಕಲಿತನಂತೆ,
ಸಲಿಕೆಯಂತ್ರದ ಕೆಳಗೆ, ಎಂಜಿನ್ ಆರಿಸದೆ.
ಒಂದು ಗಂಟೆ, ಎರಡು ಗಂಟೆ, ಬಂದ ಎಲೆ ಬಂದಂತೆ ಎಸೆಯುತ್ತಾನೆ.
ಒಳ್ಳೆಯ ಜೋಡಿ ಬಂದರೆ ಮಾತ್ರ ಮೂಗು ಉಜ್ಜಿಕೊಳ್ಳುತ್ತಾನೆ.
ಎಲ್ಲರಿಗೂ ಗೊತ್ತು. ಆದರೂ ಯಾರೋ ಒಬ್ಬ ಪಣ ಕಟ್ಟುತ್ತಾನೆ,
ಅದೇ ಆರ್ವೊನ ಪಿಂಚಣಿ.

ಗೋಡೆಯ ಬದಿಗೆ, ಗುರುವಾರ ಮಾತ್ರ, ಟೂರ್ನಮೆಂಟು.
ಅಲ್ಲಿ ಗಡಿಯಾರವೂ ಒಬ್ಬ ಆಟಗಾರ.
ಹತ್ತು ಸಾವಿರ ಎಂದು ಬರೆದ ಬಿಲ್ಲೆ ಕೊಟ್ಟರೆ
ಪೇಸ್ಟಿ ಅಂಗಡಿಯವಳು ನಗುತ್ತಾಳೆ.
ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ, ಕುರುಡು ಪಣ ದುಪ್ಪಟ್ಟು.
ಕಾದು ಕೂತವನ ರಾಶಿ ಕೂತಲ್ಲೇ ಕರಗುತ್ತದೆ
ಒಲೆಯ ಬಳಿ ಬಿಚ್ಚಿಟ್ಟ ಬೂಟಿನ ಹಿಮ.
ಮೊದಮೊದಲು ಎಲೆ ನೋಡಿ ಆಡುತ್ತಾರೆ,
ಆಮೇಲೆ ಎದುರಿನವನ ಗಂಟಲು ನೋಡಿ.

ನನ್ನ ಲೆಕ್ಕವೇ ಬೇರೆ.
ನಗದಿನ ಮೇಜಲ್ಲಿ ಗೆದ್ದ ರಾಶಿಗೊಂದು ಡಾಲರು
ನನ್ನತ್ತ ಉರುಳುತ್ತದೆ.
ಟೂರ್ನಮೆಂಟಿನಲ್ಲಿ ನಡುರಾತ್ರಿವರೆಗೆ ಹಂಚಿದರೂ
ಗೆದ್ದವನಿಗೆ ನೆನಪಾದರೆ ಉಂಟು.
ಗೆದ್ದವರಿಗೆ ನೆನಪು ಕಡಿಮೆ.

ಆ ಜನವರಿಯಲ್ಲಿ ಪಂದ್ಯಕ್ಕೆ ಬಹುಮಾನ
ಬಿಲಿಂಗ್ಸಿನ ದೊಡ್ಡ ಆಟಕ್ಕೆ ಐದು ಸೀಟು.
ಮೊದಲನೆಯವನಿಗೂ ಒಂದು, ಐದನೆಯವನಿಗೂ ಅದೇ ಒಂದು.
ಆರನೆಯವನಿಗೆ ಅವನ ಕೋಟು, ಅವನ ದಾರಿ.
"ಒಂದ್ಸಲ ನೋಡೇಬಿಡೋಣ" ಅಂತ ಆರ್ವೊನೂ ಕೂತ.

ಹನ್ನೊಂದೂವರೆಗೆ ಆರು ಮಂದಿ ಉಳಿದಿದ್ದರು.
ಹುಡುಗ ಟೋಬಿನ್ ಹತ್ತಿರ ಎರಡೇ ಸುತ್ತಿಗಾಗುವಷ್ಟು ಬಿಲ್ಲೆ,
ಮಿಸುಕದೆ ಕೂತಿದ್ದ, ಬೇಟೆಗಾರನ ಮುಂದೆ ಮೊಲದಂತೆ.
ದೊಡ್ಡ ರಾಶಿಯ ವೇಡ್ ಎರಡೂ ಕೈಯಲ್ಲಿ ಎಲ್ಲವನ್ನೂ ಮುಂದೆ ನೂಕಿದ.
ಆರ್ವೊ ಮೂಗು ಉಜ್ಜಿಕೊಂಡ.

ಎರಡು ಎಕ್ಕ.
ವೇಡನದು ಆಟೀನ್ ರಾಜ, ಆಟೀನ್ ಹತ್ತು.
ಹಾಸಿನಲ್ಲಿ ಡೈಮಂಡ್ ರಾಜ, ಏಳು, ಎರಡು, ನಾಲ್ಕು.
ಐದನೆಯದು ಕಳಾವರ್ ರಾಜ.
ನನ್ನ ಕೈಯೇ ತಿರುಗಿಸಿದ್ದು.

ನಗದಿನ ಮೇಜಾಗಿದ್ದರೆ ಆರ್ವೊ ಮಾಡಿದ್ದೇ ಸರಿ,
ಸೋತರೂ ಸರಿ.
ನೂರು ಸಲ ಹಾಗೇ ಆಡಿದರೆ ಎಂಬತ್ತು ಸಲ ಅವನದೇ.
ಆದರೆ ಇವತ್ತು ಇದ್ದದ್ದು ಆ ಒಂದೇ ಸಲ.

ರಾತ್ರಿಪಾಳಿಯ ನರ್ಸ್ ನೋರೀನ್, ತನ್ನ ಸೀಟು ಖಾತ್ರಿಯಾದವಳು,
ತಗ್ಗಿದ ದನಿಯಲ್ಲಿ ಹೇಳಿದಳು:
"ನಾನಾಗಿದ್ದರೆ ಎಸೆದುಬಿಡ್ತಿದ್ದೆ ಆರ್ವೊ.
ಗೆಲ್ಲಬೇಕಾಗಿರಲಿಲ್ಲ. ಇರಬೇಕಿತ್ತು, ಅಷ್ಟೆ."
"ಎರಡು ಎಕ್ಕಾನ?"
"ಎರಡು ಎಕ್ಕಾನೇ."
ಅವನು ಅವಳನ್ನು ನೋಡಿದ ರೀತಿ
ಆಸ್ಪತ್ರೆಯಲ್ಲೂ ಅವಳು ನೋಡಿರಲಿಕ್ಕಿಲ್ಲ.

ಟೋಬಿನ್ ಬಿಲಿಂಗ್ಸಿಗೆ ಹೋದ. ವೇಡ್ ಹೋದ.
ಇಬ್ಬರಿಗೂ ನಾನು ನೆನಪಾಗಲಿಲ್ಲ.

ಆರ್ವೊ ಕೋಟು ಹಾಕಿಕೊಳ್ಳಲಿಲ್ಲ.
ಒಂಬತ್ತನೇ ಕುರ್ಚಿಗೆ ಹೋಗಿ
ಮಡಚಿದ ಎರಡು ನೋಟು ಬಿಡಿಸಿ ಬಿಲ್ಲೆ ತೆಗೆದುಕೊಂಡ.
ನಾನು ಆ ಮೇಜಿಗೆ ಬದಲಾಗಿ ಬಂದಾಗ
ಆಟಕ್ಕೂ ಮೊದಲೇ ಒಂದು ಬಿಲ್ಲೆ ಉರುಳಿ ಬಂತು.
"ಆ ಎಕ್ಕಗಳಿಗೆ" ಎಂದ,
"ಚೆನ್ನಾಗೇ ಹಂಚಿದ್ದೆ ನೀನು."